ನೂರೈನಳ ಒಂದೇ ಕಾಯಿ

ನಮ್ಮ ತೋಂಟದಾರ್ಯ ಮೇಷ್ಟ್ರಿಗೆ ಎಲ್ಲದರಲ್ಲೂ ಕೊಬ್ಬರಿಯೇ ಕಾಣುತ್ತಿತ್ತು. ಶೆಟ್ಟಿಕೆರೆ ಕಡೆಯ ತೆಂಗಿನ ತೋಟದವರು. ತಿಪಟೂರಿನ ಕಾಲೇಜಿನಲ್ಲಿ ನಮಗೆ ಬಯೋಟೆಕ್ನಾಲಜಿ ಕಲಿಸುತ್ತಿದ್ದರು. ಎರಡು ಸಾವಿರದ ಆರರಲ್ಲಿ ಬೆಂಗಳೂರಿನ ಒಂದು ಸಂಸ್ಥೆ ಯಾವುದೋ ಬ್ಯಾಕ್ಟೀರಿಯಾದ ಜೀನೋಮನ್ನು ಸಿ.ಡಿ.ಗೆ ಹಾಕಿ ನಮಗೆ ಕಳಿಸಿತು. ಜೀನ್ ಎಲ್ಲೆಲ್ಲಿದೆ ಎಂದು ಕಂಪ್ಯೂಟರ್ ಆಗಲೇ ಗುರುತು ಹಾಕಿತ್ತು. ಆ ಗುರುತು ಸರಿಯೋ ತಪ್ಪೋ, ಒಂದೊಂದಾಗಿ ನೋಡಿ ಹೇಳುವುದು ನಮ್ಮ ಕೆಲಸ.

ಯಾರ ಕೆಲಸ ಎಲ್ಲಿಗೆ ಬಂತೆಂದು ತಿಳಿಯಲು ಮೇಷ್ಟ್ರು ಲ್ಯಾಬಿನ ಗೋಡೆಗೆ ದೊಡ್ಡ ಚಾರ್ಟ್ ಅಂಟಿಸಿದರು. ಕೊಬ್ಬರಿಯಾಗಲು ಕಾಯಿ ಒಣಗಿಸುತ್ತಾರಲ್ಲ, ಅಂಥ ಅಟ್ಟದ ಚಿತ್ರ ಒಬ್ಬೊಬ್ಬರ ಹೆಸರಿಗೂ ಒಂದು, ಅಟ್ಟದ ತುಂಬ ತೆಂಗಿನಕಾಯಿ. ಒಂದು ಜೀನ್ ಮುಗಿದರೆ ಒಂದು ಕಾಯಿಗೆ ಕಂದು ಬಣ್ಣ, ಅಂದರೆ ಅದು ಕೊಬ್ಬರಿಯಾಯಿತು ಎಂದು. ಕೇಳಬೇಕೆ? ಕೊಬ್ಬರಿ ಮಂಡಿಯವರ ಮಗ ರುದ್ರೇಶನ ಅಟ್ಟಕ್ಕೆಲ್ಲ ವಾರದಲ್ಲೇ ಬಣ್ಣ ತುಂಬಿತು. ಕಂಪ್ಯೂಟರ್ ಹೇಳಿದ್ದಕ್ಕೆಲ್ಲ ‘ಸರಿ’ ಎಂದು ಒತ್ತಿದರೆ ತುಂಬದೆ ಇನ್ನೇನು! ನಾನೂ ಅದನ್ನೇ ಮಾಡಿದೆ ಅನ್ನಿ.

ನನ್ನ ಜೊತೆಗಾತಿ ನೂರೈನ್ ಮಾತ್ರ ಮೊದಲನೇ ಕಾಯಿಯಲ್ಲೇ ಕೂತಿದ್ದಳು. ಟೈಲರ್ ಫಕ್ರುದ್ದೀನ್ ಸಾಹೇಬರ ಮಗಳು, ಮೊಂಡಿ. ಲ್ಯಾಬಿನಲ್ಲಿ ನೆಟ್ಟಗಿದ್ದ ಕಂಪ್ಯೂಟರ್ ಮೂರೇ. ಅದಕ್ಕೇ ಹಿಂದೆ ಬಿದ್ದವರನ್ನು ಶನಿವಾರ ಪ್ರಾಜೆಕ್ಟಿನಿಂದ ತೆಗೆಯುವುದಾಗಿ ಮೇಷ್ಟ್ರು ಹೇಳಿಯಾಗಿತ್ತು. ಅವಳಿಲ್ಲದ ಲ್ಯಾಬ್ ನೆನೆದೇ ನನಗೆ ಸಂಕಟ.

“ಬಣ್ಣ ಬಳಿದು ಎದ್ದೇಳೇ, ಯಾರ್ ನೋಡ್ತಾರೆ?” ಎಂದೆ.

“ಇದು ಜೀನೇ ಅಲ್ಲ ಅನ್ಸುತ್ತೆ ಕಣೇ ಸೌಂದರ್ಯ. ಸುಳ್ಳು ಬಣ್ಣ ನಾನ್ ಬಳಿಯಲ್ಲ ಬುಡು.”

ಮೈ ಉರಿದುಹೋಯಿತು.

ಶನಿವಾರ ಬಂತು. ಮೇಷ್ಟ್ರು ಚಾರ್ಟಿನ ಮುಂದೆ ನಿಂತರು. “ಏನಮ್ಮ ನೂರೈನ್, ನಿಂದು ಒಂದೂ ಆಗಿಲ್ವಲ್ಲ?”

ರುದ್ರೇಶ ಕಿಸಕ್ಕನೆ ನಕ್ಕ. ನೂರೈನ್ ಎದ್ದು ನಿಂತಳು. “ಸಾರ್, ನಿಮ್ಮನೇಲಿ ಅಟ್ಟಕ್ಕೆ ಹಾಕಿದ್ದನ್ನೆಲ್ಲ ಕೊಬ್ಬರಿ ಅಂತೀರಾ, ಅಲ್ಲಾಡ್ಸಿ ನೋಡ್ತೀರಾ?”

ತಿಪಟೂರಿನಲ್ಲಿ ಇದು ಕೂಸಿಗೂ ಗೊತ್ತು. ಅಲ್ಲಾಡಿಸಿದಾಗ ನೀರು ಕುಲುಕಿದರೆ ಅದಿನ್ನೂ ಕಾಯಿ. ಒಳಗೆ ಒಣಗಿದ ತಿರುಳಿನ ಉಂಡೆ ಉರುಳಿದರೆ ಕೊಬ್ಬರಿ. ಮೇಷ್ಟ್ರು ಅವಳ ಕಂಪ್ಯೂಟರಿನ ಹತ್ತಿರ ಬಂದರು. ಆಮೇಲೆ ಕುರ್ಚಿ ಎಳೆದುಕೊಂಡು, “ನಿಂದು ಅಲ್ಲಾಡ್ಸು, ನೋಡಾನ,” ಎಂದರು.

ಅವಳು ತೋರಿಸಿದಳು. ಡಿ.ಎನ್.ಎ.ಗೆ ಎರಡು ಎಳೆ. ಕಂಪ್ಯೂಟರ್ ಒಂದು ಎಳೆಯ ಮೇಲೆ ಪುಟ್ಟ ಜೀನೊಂದನ್ನು ಗುರುತಿಸಿತ್ತು. ಅಂಥದ್ದು ಬೇರಾವ ಜೀವಿಯಲ್ಲೂ ಸಿಗಲಿಲ್ಲ. ಅದೇ ಜಾಗದಲ್ಲಿ ಇನ್ನೊಂದು ಎಳೆಯನ್ನು ಓದಿದರೆ ಅದಕ್ಕಿಂತ ಉದ್ದದ ಜೀನ್! ಅದನ್ನು ಹೋಲುವವು ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿದ್ದವು; ನಿಜವಾದ ಜೀನಿಗೆ ಅದೇ ಸಾಕ್ಷಿ.

ಮೇಷ್ಟ್ರು ಎದ್ದರು. “ರುದ್ರೇಶ, ನಿನ್ನ ಮೂರನೇ ಜೀನು ಅಲ್ಲೇ ಯಾಕಪ್ಪ ಶುರುವಾಗುತ್ತೆ?”

“ಕಂಪ್ಯೂಟರ್ ಹೇಳ್ತು ಸಾರ್.”

“ನೀರು ಕಣಪ್ಪ, ಬರೀ ನೀರು!” ಕಾಯಿಯ ಮೇಲೆ ವೈಟ್ನರ್ ಬಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಾನು ನಗುವಷ್ಟರಲ್ಲಿ ನನ್ನ ಅಟ್ಟವೂ ಖಾಲಿಯಾಯಿತು. ಅಂದಿನಿಂದ ಅಲ್ಲಾಡಿಸದೆ ಯಾರ ಕಾಯಿಗೂ ಬಣ್ಣವಿಲ್ಲ.

ನೂರೈನ್ ಆಗಲೂ ಬಣ್ಣ ಬಳಿಯಲಿಲ್ಲ. “ಬೆಂಗಳೂರಿನೋರೂ ಅಲ್ಲಾಡ್ಸಲಿ ಸಾರ್,” ಎಂದಳು.

ಅವಳು ಕಂಡುಹಿಡಿದದ್ದನ್ನು ಮೇಷ್ಟ್ರು ಬೆಂಗಳೂರಿನ ಸಂಸ್ಥೆಗೆ ಬರೆದು ಕಳಿಸಿದರು. ಮುಂದಿನ ತಿಂಗಳು ಉತ್ತರ ಬಂತು: ವಿದ್ಯಾರ್ಥಿನಿ ಹೇಳಿದ್ದೇ ಸರಿ, ಕಂಪ್ಯೂಟರ್ ಹಾಕಿದ ಗುರುತನ್ನು ತೆಗೆದು ಅವಳದ್ದನ್ನು ಸೇರಿಸಿದ್ದೇವೆ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಕಂದು ಬಣ್ಣದ ಪೆನ್ನನ್ನು ಹುಡುಕಿ ತಂದುಕೊಟ್ಟವನು ರುದ್ರೇಶನೇ.

ನೂರೈನ್ ನಿಧಾನವಾಗಿ, ಅಂಚು ದಾಟದಂತೆ ಬಣ್ಣ ತುಂಬಿದಳು. ಮೇಷ್ಟ್ರು ಆ ಕಾಯಿಯ ಮೇಲೆ ಬೆರಳಿನಿಂದ ತಟ್ಟಿ, ಗೋಡೆಗೆ ಕಿವಿಯಿಟ್ಟರು.

“ಉರುಳ್ತು ಕಣ್ರೋ!” ಎಂದು ಕೂಗಿದರು.