ದಾವಲಸಾಬರ ಮಾತು ನನ್ನೊಳಗಿತ್ತು

ನಾನು ಒಂದು ಧ್ವನಿಮುದ್ರಕ. ಬೆರಳುದ್ದ ಮೈ, ಎದೆಯ ಮೇಲೊಂದು ಕೆಂಪು ಗುಂಡಿ. ದೂರದ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಕಪಾಟಿಗೆ ಬಂದೆ. ಮೊದಲು ನನ್ನನ್ನು ಕೊಂಡವನು ಒಬ್ಬ ಪತ್ರಕರ್ತ. ನನ್ನನ್ನು ಅಂಗಿಯ ಜೇಬಿನಲ್ಲಿ ಅಡಗಿಸಿಟ್ಟುಕೊಂಡು ಜನರ ಬಾಯಿ ಬಿಡಿಸುತ್ತಿದ್ದ. ಒಳ್ಳೆಯ ಮೊಬೈಲ್ ಸಿಕ್ಕ ಮೇಲೆ ಅವನಿಗೆ ನಾನು ಬೇಡವಾದೆ. ಹಾಗೆ ವಿಶಾಲಾಕ್ಷಿ ಮುದಗಲ್ಲ ಎಂಬ ಪ್ರಾಧ್ಯಾಪಕಿಯ ಕೈ ಸೇರಿದೆ.

ಅವರು ನನ್ನನ್ನು ಎಂದೂ ಅಡಗಿಸಿಡಲಿಲ್ಲ. ಎದುರಿಗಿಟ್ಟು, "ಚಾಲೂ ಮಾಡ್ಲೇನ್ರೀ?" ಎಂದು ಕೇಳುತ್ತಿದ್ದರು. ಬೇಡವೆಂದರೆ ಸುಮ್ಮನೆ ಚೀಲಕ್ಕೆ ಹಾಕಿ ಮಾತು ಮುಂದುವರಿಸುತ್ತಿದ್ದರು.

ವಾಟ್ಸಾಪ್ ಬಂದ ಮೇಲೆ ಜನ ಕೆಲಸ ಮಾಡುವ ರೀತಿ ಹೇಗೆ ಬದಲಾಯಿತು ಎಂಬುದು ಅವರ ಸಂಶೋಧನೆ. ಅದಕ್ಕಾಗಿ ಒಂದು ನಗರಸಭೆಯ ನೀರು ಸರಬರಾಜು ವಿಭಾಗವನ್ನು ಆರಿಸಿಕೊಂಡರು. ಓಣಿ ಓಣಿಗೆ ನೀರು ಬಿಡುವ ಇಪ್ಪತ್ತೆರಡು ಜನ ಅಲ್ಲಿದ್ದರು. ಇಂಜಿನಿಯರ್ ಕಡಕೋಳರ ಹುಕುಮುಗಳೆಲ್ಲ ಗ್ರೂಪಿನಲ್ಲೇ ಬರುತ್ತಿದ್ದವು. ಹತ್ತು ನಿಮಿಷದೊಳಗೆ ಉತ್ತರ ಹಾಕಬೇಕು, ಹಾಕದವನು ಕೆಲಸಗಳ್ಳ.

ಉತ್ತರ ಹಾಕುವುದರಲ್ಲಿ ಸದಾ ಕೊನೆಗೆ ಇರುತ್ತಿದ್ದವರು ದಾವಲಸಾಬ. ಐವತ್ತು ದಾಟಿದ ಗುತ್ತಿಗೆಯಾಳು. ಎರಡು ನೋಟಿಸ್ ಬಂದಿದ್ದವು. ಮೂರನೆಯದು ಬಂದರೆ ಕೆಲಸವೇ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅವರು ವಾಲ್ವ್ ತಿರುಗಿಸಿ ಕಟ್ಟೆಯ ಮೇಲೆ ಕೂತಿದ್ದಾಗ ವಿಶಾಲಾಕ್ಷಿ ಒಪ್ಪಿಗೆ ಪಡೆದು ನನ್ನನ್ನು ಚಾಲೂ ಮಾಡಿ, ಉತ್ತರ ತಡವಾಗುವುದೇಕೆಂದು ಕೇಳಿದರು. ದಾವಲಸಾಬ ನನ್ನ ಕಡೆ ಬಾಗಿ ದನಿ ತಗ್ಗಿಸಿದರು.

"ನನಗ ಓದಾಕ ಬರಂಗಿಲ್ಲರೀ ಅಕ್ಕಾರ. ಮೆಸೇಜ್ ಬಂದ್ರ ಮೊಬೈಲ್ ಹಿಡಕೊಂಡು ಬಟ್ಟಿ ಹೊಲಿಯೋ ಕಲ್ಲವ್ವನ ಮನಿಗೆ ಹೊಕ್ಕೀನಿ. ಆಕಿ ಓದಿ ಹೇಳಿ, ಉತ್ತರಾನೂ ಬರದ ಕೊಡತಾಳ. ಅಷ್ಟರಾಗ ಹೊತ್ತ ಆಗಿರತೈತಿ."

"ಸಾಹೇಬರಿಗೆ ಹೇಳಬಾರದಿತ್ತೇನು?"

"ಹೇಳಿದ್ರ ಓದಿದೋರನ್ನ ತಗೋತಾರ್ರಿ. ನೀವೂ ಹೇಳಬ್ಯಾಡ್ರಿ."

ವಿಶಾಲಾಕ್ಷಿ ಹೇಳುವುದಿಲ್ಲವೆಂದು ಮಾತು ಕೊಟ್ಟರು.

ವಾರದೊಳಗೆ ಈ ಮಾತುಕತೆಯ ಸುದ್ದಿ ಕೇಳಿ ಕಡಕೋಳರು ವಿಶಾಲಾಕ್ಷಿಯವರನ್ನು ಕರೆಸಿದರು. "ಆ ದಾವಲಸಾಬ ನಿಮ್ಮ ಮುಂದ ಏನೇನ ಹೇಳ್ಯಾನ? ಆ ರೆಕಾರ್ಡ್ ಸ್ವಲ್ಪ ಕೊಡ್ರಿ ಮೇಡಂ, ಕೇಳಿ ಕೊಡತೀನಿ."

ನಾನು ಮೇಜಿನ ಮೇಲೇ ಇದ್ದೆ. ವಿಶಾಲಾಕ್ಷಿ ನನ್ನ ಮೇಲೆ ಅಂಗೈ ಇಟ್ಟರು. "ಇದರಾಗಿರೋದು ನನ್ನದಲ್ಲರೀ, ಅವರದು. ಅವರು ಹೂಂ ಅಂದ್ರಷ್ಟ ಕೊಡಾಕ ಬರತೈತಿ."

"ಹಂಗಾದ್ರ ನಾಳಿಂದ ನೀವು ಆಫೀಸಿಗೆ ಬರೋದು ಬ್ಯಾಡ."

ವಿಶಾಲಾಕ್ಷಿಯವರ ಒಂದು ವರ್ಷದ ಕೆಲಸ ನೀರಿಗೆ ಬೀಳುವುದರಲ್ಲಿತ್ತು. ಆದರೂ ಕೈ ತೆಗೆಯಲಿಲ್ಲ.

ಕಚೇರಿಯ ಬಾಗಿಲು ಮುಚ್ಚಿದರೇನಂತೆ, ಓಣಿಗಳಿಗೆ ಬಾಗಿಲು ಎಲ್ಲಿ? ಅವರು ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓಣಿಗಳಲ್ಲಿ ತಿರುಗಿದರು. ಕೊಡ ಹಿಡಿದು ನಿಂತ ಹೆಂಗಸರನ್ನು ಮಾತಾಡಿಸಿದರು. ನಾಲ್ಕು ತಿಂಗಳು ನಾನು ಅವರ ಚೀಲದಲ್ಲಿ ತೂಗಾಡಿದೆ. ಗ್ರೂಪಿನಲ್ಲಿ ಮೊದಲು ಉತ್ತರ ಹಾಕುವವರು ವಾಲ್ವ್ ತಿರುಗಿಸಿದ ಫೋಟೋ ಕಳಿಸಿ ಹೊರಟುಬಿಡುತ್ತಿದ್ದರು. ದಾವಲಸಾಬ ಮಾತ್ರ ಕೊನೆಯ ಮನೆಗೂ ನೀರು ಮುಟ್ಟಿತೇ ಎಂದು ನಡೆದು ನೋಡಿ ಬರುತ್ತಿದ್ದರು. ದೂರು ಎಲ್ಲಕ್ಕಿಂತ ಕಡಿಮೆ ಇದ್ದದ್ದು ಅವರ ಓಣಿಗಳಿಂದಲೇ.

ವಿಶಾಲಾಕ್ಷಿ ಇದನ್ನೆಲ್ಲ ಬರೆದು, ನೀರು ಬಿಡುವವರೂ ಸೇರಿದ್ದ ಪೌರಾಯುಕ್ತರ ಸಭೆಯಲ್ಲಿ ಓದಿದರು. ಯಾರ ಹೆಸರನ್ನೂ ಎತ್ತಲಿಲ್ಲ. ಓದಲು ಬಾರದವರೂ ಇದ್ದಾರೆ, ಹುಕುಮುಗಳನ್ನು ಬರೆದು ಕಳಿಸುವ ಬದಲು ಧ್ವನಿಯಲ್ಲಿ ಕಳಿಸಿ, ಉತ್ತರದ ವೇಗ ನೋಡಬೇಡಿ, ನೀರು ಮುಟ್ಟಿತೇ ನೋಡಿ ಎಂದರು.

ಕಡಕೋಳರು ಎದ್ದರು. "ನಮ್ಮಾಗ ಓದಾಕ ಬರದವರು ಯಾರದಾರ? ಮೇಡಂ ಕಲ್ಪನಾ ಮಾಡಿ ಬರದಾರ."

ವಿಶಾಲಾಕ್ಷಿ ಸುಳ್ಳುಗಾರ್ತಿ ಎನಿಸಿಕೊಂಡು ಸುಮ್ಮನೆ ಕೂತರು. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿಯಿತು.

"ನಾನ ಅದೀನ್ರಿ," ಎಂದರು ದಾವಲಸಾಬ. "ನನಗ ಬರಂಗಿಲ್ಲ."

ಆಮೇಲೆ ಇನ್ನೊಬ್ಬರು ಎದ್ದರು. ಮತ್ತೆ ಇಬ್ಬರು.

"ಮೊದಲ ಹೇಳಬೇಕಿಲ್ಲೇನೋ?" ಎಂದು ಕಡಕೋಳರು ಮೆತ್ತಗೆ ಕೇಳಿದರು.

"ಕೆಲಸ ಹೊಕ್ಕೈತಂತ ಅಂಜಿದ್ನಿರೀ."

ಪೌರಾಯುಕ್ತರು ನೋಟಿಸ್‌ಗಳನ್ನು ಹಿಂದಕ್ಕೆ ಪಡೆದರು. ಮರುವಾರದಿಂದ ಗ್ರೂಪಿನಲ್ಲಿ ಕಡಕೋಳರ ದನಿ ಕೇಳಿಸತೊಡಗಿತು.

ಈಗ ನಾನು ಮುದುಕ. ಬ್ಯಾಟರಿಯ ತಂತಿಗೆ ತುಕ್ಕು ಹಿಡಿದಿದೆ, ವಿಶಾಲಾಕ್ಷಿಯವರ ಮೇಜಿನ ಖಾನೆಯಲ್ಲಿ ಮಲಗಿದ್ದೇನೆ. ಸಂಶೋಧನೆ ಮುಗಿದಾಗ ಅವರು ನನ್ನೊಳಗಿನ ಮಾತುಗಳನ್ನು ಒಂದೊಂದಾಗಿ ಅಳಿಸಿದರು. ಹಾಗೆ ಅಳಿಸುವುದಾಗಿ ಎಲ್ಲರಿಗೂ ಮೊದಲೇ ಹೇಳಿದ್ದರು. ದಾವಲಸಾಬರದನ್ನು ಅಳಿಸುವ ಮುಂಚೆ ಮಾತ್ರ ಯಾಕೋ ಫೋನ್ ಮಾಡಿ ಕೇಳಿದರು.

"ಇರಲಿ ಬಿಡ್ರಿ ಅಕ್ಕಾರ," ಎಂದರು ಅವರು. "ಅದನ್ನ ಈಗ ಮುಚ್ಚಿಡೋದೇನೈತಿ?"

ಎಷ್ಟೋ ಜನರ ಮಾತು ಹಿಡಿದವನು ನಾನು. ಒಬ್ಬರು ನಂಬಿ ಆಡಿದ ಮಾತನ್ನು ಕಾಯುವುದು ಹೇಗೆಂದು ಈ ಹೆಂಗಸಿನ ಕೈಯಲ್ಲೇ ಕಲಿತೆ. ನನ್ನೊಳಗೆ ಉಳಿದಿರುವುದು ಈಗ ಅದೊಂದೇ ದನಿ, ಅದರ ಹಿಂದೆ ಕೊಳವೆಯಲ್ಲಿ ನೀರು ಹರಿಯುವ ಸದ್ದು.