ಹಳೆಯ ಅಚ್ಚು

ಹಾಕಿ ಪಂದ್ಯ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಮಗಳು ಹಲ್ಲು ಕಾಯುವ ಗಾರ್ಡನ್ನು ಬಾಯಿಂದ ತೆಗೆದು ಕಾಲುಚೀಲದೊಳಗೆ ಸಿಕ್ಕಿಸಿಕೊಂಡಳು. ಬೇಲಿಯ ಈಚೆ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

"ಹಾಕ್ಕೊಳೇ ಅದನ್ನ!" ಎಂದು ಅರಚಿದೆ. ಪಕ್ಕದವರು ಬೆಚ್ಚಿ ತಿರುಗಿದರು. ತಿರುಗಲಿ. ಹನ್ನೊಂದನೇ ವಯಸ್ಸಿನಲ್ಲಿ ಹಾಕಿ ಕೋಲು ತಗುಲಿ ಇವಳ ಮುಂದಿನ ಹಲ್ಲು ಕಿತ್ತು ಬಂದಾಗ, ಅದನ್ನು ಹಾಲಿನ ಲೋಟದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವಳು ನಾನು, ಅವರಲ್ಲ. ವೈದ್ಯರು ಹಲ್ಲನ್ನು ಮತ್ತೆ ಕೂರಿಸಿ, "ಇನ್ನೊಂದು ಏಟು ಬಿದ್ರೆ ಇದನ್ನ ಮರೆತುಬಿಡಿ" ಎಂದಿದ್ದರು.

ಎದುರು ತಂಡದವಳ ಕೋಲು ಅವಳ ಗಲ್ಲದ ಪಕ್ಕದಲ್ಲೇ ಬೀಸಿ ಹೋಯಿತು. ನಾನು ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಗಾರ್ಡ್ ಮಾಡುವುದೇ ನನ್ನ ಹೊಟ್ಟೆಪಾಡು. ಹಲ್ಲಿನ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಬಾಯಿಯ ಅಳತೆ ತೆಗೆದು, ಪ್ಲಾಸ್ಟರಿನ ಅಚ್ಚು ಎರೆದು, ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆದು ಕೂರಿಸಬೇಕು. ಈ ತಂಡದ ಅಷ್ಟೂ ಹುಡುಗಿಯರ ಗಾರ್ಡು ನನ್ನ ಕೈಯವೇ. "ಆರು ತಿಂಗಳು ದಾಟಿದ ಅಚ್ಚನ್ನ ನಾನು ಮುಟ್ಟಲ್ಲ, ಬೆಳೆಯೋ ಬಾಯಿ ಸುಮ್ನಿರಲ್ಲ" ಎಂದು ಒಬ್ಬೊಬ್ಬರ ತಾಯಿಗೂ ಪಾಠ ಹೇಳಿ ಹೊಸ ಅಳತೆ ತೆಗೆದಿದ್ದೆ.

ವಿರಾಮದ ಸೀಟಿ ಊದಿದ್ದೇ ತಡ, ಗೇಟು ತಳ್ಳಿಕೊಂಡು ಒಳಗೆ ನುಗ್ಗಿದೆ.

"ನೋವಾಗತ್ತಮ್ಮ," ಎಂದಳು ಮಗಳು. "ಬಾಯಲ್ಲಿ ನಿಲ್ಲೋದೇ ಇಲ್ಲ, ಅಲ್ಲಾಡತ್ತೆ."

"ನೆಪ! ಉಳಿದೋರೆಲ್ಲ ಹಾಕ್ಕೊಂಡಿಲ್ವಾ? ನಿಂದೇನು ಚಿನ್ನದ ಬಾಯಾ?"

ಅವಳು ಬಾಯಿ ಅಗಲಿಸಿ ಕೆನ್ನೆಯನ್ನು ಬೆರಳಿನಿಂದ ಎಳೆದಳು. ಹಿಂದಿನ ವಸಡು ತರಚಿ ರಕ್ತ ಒಸರುತ್ತಿತ್ತು. ಅಲ್ಲಿ ಒಂದು ಹೊಸ ದವಡೆಹಲ್ಲು ಅರ್ಧ ಮೇಲೆದ್ದಿತ್ತು. ಅದನ್ನು ನಾನು ಇವತ್ತಿನವರೆಗೆ ನೋಡಿರಲಿಲ್ಲ.

ಹೋದ ವಾರ ಊರಿನ ಹುಡುಗಿಯರದ್ದೆಲ್ಲ ಮುಗಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಕೊನೆಗೆ ಉಳಿದದ್ದು ಮನೆಮಗಳದು. ಕಪಾಟಿನಲ್ಲಿ ಅವಳ ಹೋದ ವರ್ಷದ ಅಚ್ಚು ಕಣ್ಣಿಗೆ ಬಿತ್ತು. ಹೆತ್ತವಳಿಗೆ ಮಗಳ ಬಾಯಿ ಗೊತ್ತಿಲ್ಲವೇ ಎಂದುಕೊಂಡು ಅದರ ಮೇಲೆಯೇ ಹಾಳೆ ಎಳೆದಿದ್ದೆ.

ಕೋಚ್ ಬಂದು ನಿಂತರು. "ಫೈನಲ್ಲು, ಒಂದೊಂದು ಗೋಲಾಗಿ ಸಮ ಆಗಿದೆ. ಇವಳು ಗಾರ್ಡ್ ಇಲ್ದೇನೇ ಆಡ್ತೀನಿ ಅಂತಿದಾಳೆ. ಏನ್ಮಾಡ್ಲಿ?"

'ಇವಳಿಗೆ ಹಟ, ಬೆಂಚಲ್ಲಿ ಕೂರಿಸಿ' ಎಂದುಬಿಟ್ಟರೆ ಹಲ್ಲೂ ಉಳಿಯುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ನಾಲಿಗೆಯ ತುದಿಯವರೆಗೆ ಬಂತು ಕೂಡ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅವಳ ತಪ್ಪಿಲ್ಲ," ಎಂದೆ. "ಗಾರ್ಡೇ ಸರಿಯಿಲ್ಲ. ನಾನೇ ಕೆಡಿಸಿದ್ದು. ದಯವಿಟ್ಟು ಇವಳನ್ನ ಮೈದಾನಕ್ಕೆ ಇಳಿಸ್ಬೇಡಿ."

ಸುತ್ತ ನೀರು ಕುಡಿಯುತ್ತಿದ್ದ ಹುಡುಗಿಯರು ನನ್ನ ಕಡೆ ತಿರುಗಿದರು. ಒಬ್ಬಳು ತನ್ನ ಗಾರ್ಡ್ ತೆಗೆದು ತಿರುಗಿಸಿ ನೋಡಿದಳು. ಆಮೇಲೆ ಇನ್ನೊಬ್ಬಳು. ಹದಿನೆಂಟು ವರ್ಷದಲ್ಲಿ ಯಾರೂ ನನ್ನ ಕೆಲಸವನ್ನು ಹಾಗೆ ನೋಡಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದುಹೋದೆ.

"ಮತ್ತೆ ಇವರ್ದೆಲ್ಲ?" ಎಂದರು ಕೋಚ್. ಅವರ ದನಿ ಗಡುಸಾಗಿತ್ತು.

"ಅವೆಲ್ಲ ಹೊಸ ಅಳತೆಯವು. ಧೈರ್ಯವಾಗಿ ಆಡ್ಲಿ. ಹಳೇ ಅಚ್ಚಲ್ಲಿ ಮಾಡಿದ್ದು ಇವಳೊಬ್ಬಳದ್ದೇ."

ಮತ್ತೆ ಸೀಟಿ ಮೊಳಗಿತು. ಹುಡುಗಿಯರು ಗಾರ್ಡ್ ಕಚ್ಚಿಕೊಂಡು ಒಬ್ಬೊಬ್ಬರಾಗಿ ಮೈದಾನಕ್ಕಿಳಿದರು. ಮಗಳ ಜಾಗಕ್ಕೆ ಬೇರೊಬ್ಬಳು ಹೋದಳು. ಇವಳು ಬೆಂಚಿನ ಮೇಲೆ ಕೂತು, ಬಹಳ ಹೊತ್ತು ಆಟ ನೋಡಿ, ನನ್ನ ಕಡೆ ತಿರುಗದೆ ಕೇಳಿದಳು:

"ಬೇರೆಯವರ ಮಗಳಾಗಿದ್ರೆ ಹೊಸ ಅಳತೆ ತಗೋತಿದ್ದೆ, ಅಲ್ವಾಮ್ಮ?"

"ಹೂಂ," ಎಂದೆ. "ತಗೋತಿದ್ದೆ."