ಮೂರು ಬೆರಳಿನಷ್ಟು ಭಾರ

ಒಂಟಿ ಚಪ್ಪಲಿಯೊಂದು ನದಿಯಲ್ಲಿ ಮೇಲ್ಮುಖವಾಗಿ ಹೋಗುತ್ತಿದೆ, ದೋಣಿಗಿಂತ ಒಂದು ಮಾರು ಮುಂದೆ, ತನಗೂ ಪೇಟೆಯಲ್ಲಿ ತುರ್ತು ಕೆಲಸವಿದೆ ಎಂಬಂತೆ—ಉಬ್ಬರದ ಹೊತ್ತಿನಲ್ಲಿ ಹೀಗೇ, ಸಮುದ್ರ ಹಿಂದಿನಿಂದ ತಳ್ಳುತ್ತದೆ, ನದಿ ಬಂದ ದಾರಿಗೇ ತಿರುಗಿ ನಡೆಯುತ್ತದೆ, ಎಂಜಿನ್ನಿಗೆ ಅರ್ಧ ಕೂಲಿ ಕೊಟ್ರೆ ಸಾಕು ನೋಡು ಅನ್ನುತ್ತಾರೆ ಮಾವ, ಚುಕ್ಕಾಣಿಯ ಮೇಲೆ ಎರಡೇ ಬೆರಳಿಟ್ಟುಕೊಂಡು, ಮತ್ತು ಅವಳು ಮುಂಬದಿಯ ಹಲಗೆಯ ಮೇಲೆ ಹಾಲಿನ ಡಬ್ಬಿಯನ್ನು ಮಡಿಲಲ್ಲಿಟ್ಟು ಕೂತಿದ್ದಾಳೆ, ಬೆಳಗ್ಗೆ ಐದಕ್ಕೆ ಹಿಂಡಿದ ಎದೆಹಾಲು, ಸುತ್ತ ಮಂಜುಗಡ್ಡೆ, ನಲವತ್ತೇಳು ದಿನದಲ್ಲಿ ಮೊದಲ ವಾರ ಬಿಟ್ಟರೆ ದಿನವೂ ಈ ಡಬ್ಬಿ ಬಸ್ಸಿನಲ್ಲಿ ಹೋಯಿತು, ಏಳನೇ ತಿಂಗಳಿಗೇ ಅವಸರ ಮಾಡಿ ಹುಟ್ಟಿಬಂದ ಮಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಕಾಯುತ್ತಿದ್ದಳು, ಇವತ್ತು ಮನೆಗೆ—ಮನೆಗೆ, ಅಂದುಕೊಂಡದ್ದೇ ತಡ ಎದೆ ಜುಮ್ಮೆಂದು ಹಾಲಿಳಿಯುತ್ತದೆ, ಬಟ್ಟೆ ಒದ್ದೆ, ಅವಳು ಸೆರಗೆಳೆದುಕೊಂಡು ತನ್ನಷ್ಟಕ್ಕೆ ನಗುತ್ತಾಳೆ, ಮೊದಲ ವಾರ ಒಂದು ಹನಿಯೂ ಬಾರದೆ ಗೋಡೆಗೆ ಮುಖ ಮಾಡಿ ಮಲಗಿದ್ದ ಎದೆಯೇ ಇದು, ವಾರ್ಡಿನಲ್ಲಿ ಪಕ್ಕದ ಮಂಚದ ಬಾಣಂತಿ ನರ್ಸನ್ನು ಕರೆದು ನನ್ನ ಮಗ ಕುಡಿದು ಮಿಕ್ಕಿದ್ದು ಚೆಲ್ಲೋ ಬದಲು ಆ ಪುಟ್ಟಿಗೆ ಹಾಕ್ರೀ ಅಂದಿದ್ದಳು, ಇವಳ ಕಡೆ ತಿರುಗಿಯೂ ನೋಡದೆ, ನೋಡಿದರೆ ಇವಳಿಗೆ ನಾಚಿಕೆಯಾದೀತೆಂದು.

ರಸ್ತೆ ಬೇಡ ಅಂದವರು ಮಾವ, ರಸ್ತೆಯೆಲ್ಲ ಅಗೆದು ಹಾಕಿದ್ದಾರೆ, ಆ ಧೂಳು ಆ ಕುಲುಕಾಟ, ಉಸಿರು ಈಗಷ್ಟೇ ಹಿಡಿತಕ್ಕೆ ಬಂದ ಕೂಸು, ನನ್ನ ದೋಣೀಲಿ ತೊಟ್ಟಿಲಲ್ಲಿ ಬಂದ ಹಾಗೆ ಬರ್ತಾಳೆ, ಅಂದು ಮೂರು ದಿನ ದೋಣಿ ತಿಕ್ಕಿದರು, ಅಷ್ಟು ಸಣ್ಣ ಮೂಗಿಗೆ ತುಕ್ಕಿನ ವಾಸನೆ ತಾಗಬಾರದೆಂದು ಅಡಿಹಲಗೆ ಎತ್ತಿ ಕಬ್ಬಿಣದ ಗಟ್ಟಿಗಳನ್ನೆಲ್ಲ ಹೊರಗೆ ಹೊತ್ತರು, ಹಳೆ ಲಂಗರು, ಹೆಚ್ಚಿನ ಹಗ್ಗ, ನೀರಿನ ಪೀಪಾಯಿ, ಅತ್ತೆ ತಂದು ತುಂಬಿದ್ದ ಅಟ್ಟದ ಸಾಮಾನು—ಮೂವತ್ತು ವರ್ಷದಲ್ಲಿ ದೋಣಿ ಇಷ್ಟು ಹಗುರಾಗಿದ್ದೇ ಇಲ್ಲ, ಹಂಸ ಕಣೇ ಹಂಸ, ಅಂದರು ಹೊರಡುವಾಗ—ಆ ಹಂಸ ಈಗ ಹಳೆ ಸೇತುವೆಯ ಮುಂದೆ ನಿಂತುಬಿಟ್ಟಿದೆ, ದೋಣಿಯ ಪುಟ್ಟ ಕೋಣೆಯ ಮಾಡು ಸೇತುವೆಯ ಕಬ್ಬಿಣದ ತೊಲೆಗೆ ಠಕ್ ಎಂದು ತಾಗಿ ಹಿಂದಕ್ಕೆ ಬಂದಿದೆ, ಇವತ್ತಿನ ಉಬ್ಬರಕ್ಕೆ ಹತ್ತೂವರೆಯೊಳಗೆ ಬಂದರೆ ನುಸುಳಲೇಬೇಕಿದ್ದ ದೋಣಿ, ಮಾವ ಕೈಯೆತ್ತಿ ಅಳೆಯುತ್ತಾರೆ, ಮೂರು ಬೆರಳು, ಮೂರೇ ಬೆರಳು ಹೆಚ್ಚು, ಮತ್ತೆ ಅಳೆಯುತ್ತಾರೆ, ಆಮೇಲೆ ನಿಧಾನಕ್ಕೆ ಕೂತುಬಿಡುತ್ತಾರೆ, ಭಾರ ತೆಗೆದದ್ದಕ್ಕೆ ದೋಣಿ ನೀರಿನಿಂದ ಮೇಲೆದ್ದು ನಿಂತಿದೆ ಎಂದು ಅವರಿಗೆ ಹೊಳೆದದ್ದು ಅವರ ಮುಖ ನೋಡಿಯೇ ಅವಳಿಗೂ ಹೊಳೆಯಿತು, ಅಯ್ಯೋ ಆ ಮುಖ. ಎಲ್ಲಾ ಖಾಲಿ ಮಾಡಿದ್ರಿ, ತಲೆ ಮೊದಲೇ ಖಾಲಿ ಇತ್ತು, ಹಿಂಬದಿಯ ಹಲಗೆಯಲ್ಲಿ ಕೂತಿದ್ದ ಅತ್ತೆ ಶುರುಮಾಡಿ ಗಂಡನ ಕಣ್ಣು ನೋಡಿ ಬಾಯಿ ಮುಚ್ಚಿದರು. ನೀರು ಇನ್ನೂ ಏರುತ್ತಿದೆ, ಇಳಿಯುವ ತನಕ ಕಾದರೆ ಎರಡು ಗಂಟೆ, ಫೋನಿನಲ್ಲಿ ಅವಳ ಗಂಡ, ಬೆಳಗಿನಿಂದ ವಾರ್ಡಿನ ಬಾಗಿಲಲ್ಲೇ ನಿಂತವನು, ಹನ್ನೆರಡಕ್ಕೆ ಡಾಕ್ಟರು ಹೊರಟುಬಿಡ್ತಾರಂತೆ ಕಣೇ, ತಾಯಿ ಸಹಿ ಬೇಕೇಬೇಕಂತೆ, ಇಲ್ಲಾಂದ್ರೆ ಸೋಮವಾರ—ಸೋಮವಾರ, ಇನ್ನೂ ಎರಡು ರಾತ್ರಿ ಗಾಜಿನಾಚೆ, ನಲವತ್ತೇಳು ರಾತ್ರಿ ತಡೆದವಳಿಗೆ ಎರಡೇನು ಅನ್ನಬಹುದು, ಇಲ್ಲ, ತಡೆಯಲಾರಳು, ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಕೆರೆಯುತ್ತಿದ್ದಾಳೆ, ದಡ ಹತ್ತಿ ಓಡಲೇ, ಎಷ್ಟು ದೂರ ಓಡುವುದು.

ಅತ್ತೆಯೇ ಎದ್ದು ನಿಂತದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಸೇತುವೆಯ ಬುಡದಲ್ಲಿ ದೊಡ್ಡ ಲಾಂಡ್ರಿ, ಮೆಟ್ಟಿಲ ಮೇಲೆ ಕೆಲಸದವರು ಟೀ ಲೋಟ ಹಿಡಿದು ಕೂತಿದ್ದಾರೆ, ಅತ್ತೆ ಕೂಗುತ್ತಾರೆ, ರೀ, ನಿಮ್ಮಲ್ಲಿ ದಪ್ಪಗಿರೋರು ಯಾರಿದ್ದೀರಿ, ಬಂದು ಈ ದೋಣೀಲಿ ಸ್ವಲ್ಪ ಕೂತ್ಕೊಳ್ರಪ್ಪ, ಮೊಮ್ಮಗಳನ್ನ ಮನೆಗೆ ತರಬೇಕು! ಒಬ್ಬಳು, ಕೆಂಪು ರಬ್ಬರ್ ಬೂಟಿನವಳು, ಲೋಟ ಕೆಳಗಿಟ್ಟಳು, ಏ ಇಸ್ತ್ರಿ, ಏಳೋ, ಹೊಟ್ಟೆ ಬೆಳೆಸಿದ್ದು ಸಾರ್ಥಕ ಆಗೋ ದಿನ ಬಂತು, ನಗು, ಧಡಧಡ ಹೆಜ್ಜೆ, ಒಬ್ಬೊಬ್ಬರೂ ಇಳಿದಂತೆ ದೋಣಿ ಉಸಿರು ಬಿಟ್ಟು ಕುಸಿಯುತ್ತದೆ, ಹತ್ತು ಜನ, ಹನ್ನೊಂದು, ಇನ್ನೂ ಒಂದು ಬೆರಳು ಬಾಕಿ ಅಂತಾರೆ ಮಾವ ಅಳುವ ದನಿಯಲ್ಲಿ, ಒಗೆದ ಚಾದರದ ಗಂಟು ತನ್ರೋ, ಬೂಟಿನವಳು ಕೂಗುತ್ತಾಳೆ, ನೀರು ಹಿಂಡಬೇಡಿ, ಹಾಗೇ ತನ್ನಿ, ಸೋರುವ ಗಂಟುಗಳು ಕೈಯಿಂದ ಕೈಗೆ, ಸೋಪಿನ ವಾಸನೆ, ಎಲ್ಲರೂ ಬಗ್ಗಿ, ಬಗ್ಗಿ, ತೊಲೆಯ ಕತ್ತಲು ಮೇಲೆ ಹರಿಯಿತು, ಅವಳು ಡಬ್ಬಿಯನ್ನು ಅವುಚಿ ಕಣ್ಣು ಮುಚ್ಚಿದ್ದಾಳೆ, ತಲೆಯ ಮೇಲೊಂದು ಒದ್ದೆ ಅಂಗೈ, ತಲೆ ತಲೆ, ಏಳ್ಬೇಡಮ್ಮ, ಕಬ್ಬಿಣ ಕರ್ರೆಂದು ಕೆರೆದ ಸದ್ದು ಆ ಅಂಗೈಯ ಮೇಲೆಯೇ, ಬೆಳಕು ಬಂದಾಗ ನೋಡಿದರೆ ಬೂಟಿನವಳು, ನೀರಲ್ಲಿ ನೆನೆದು ನೆನೆದು ಬಿಳುಚಿದ ಮುಂಗೈ, ಅದರ ಮೇಲೆ ಉದ್ದಕ್ಕೊಂದು ಕೆಂಪು ಗೀರು. ಅಯ್ಯೋ ನಿಮ್ಮ ಕೈ. ಬಿಡಮ್ಮ, ಸೋಪಿನ ಕೈ, ಏನೂ ತಾಗಲ್ಲ. ಹೆಸರು ಕೇಳುವಷ್ಟರಲ್ಲಿ ಎಲ್ಲರೂ ಆಚೆ ಮೆಟ್ಟಿಲು ಹತ್ತಾಗಿತ್ತು, ಹೆಣ್ಣಾ ಗಂಡಾ ಎಂದು ಇಸ್ತ್ರಿಯವನು ಕೂಗಿ ಕೇಳಿದ, ಹೆಣ್ಣು ಎಂದು ಅತ್ತೆ ಕೂಗಿದರು, ಅವರ ಹೆಗಲ ಗಂಟುಗಳಿಂದ ನೀರು ಸುರಿಯುತ್ತಲೇ ಇತ್ತು.

ಪೇಟೆ ಎರಡೂ ಬದಿಯಿಂದ ಹತ್ತಿರವಾಗುತ್ತದೆ, ಕಟ್ಟಡಗಳ ಬೆನ್ನುಗಳು, ಒಣಗಲು ಹಾಕಿದ ಅಂಗಿಗಳು, ಕಿಟಕಿಯಲ್ಲಿ ಹಲ್ಲುಜ್ಜುವವನು, ಎಲ್ಲರೂ ತನ್ನವರೇ ಎಂದು ಅವಳಿಗೆ ಅನ್ನಿಸುತ್ತದೆ, ಗೀರು, ಬಿಳುಚಿದ ಮುಂಗೈ, ಮಾವ ಮುಖ ಎತ್ತದೆ ಆಸ್ಪತ್ರೆಯ ಕಟ್ಟೆಗೆ ಹಗ್ಗ ಎಸೆಯುತ್ತಾರೆ, ನೀವು ತಿಕ್ಕಿದ್ದಕ್ಕೇ ಮಾವ ಇಷ್ಟು ಚೊಕ್ಕಟ ಇರೋದು ಎನ್ನುತ್ತಾಳೆ, ಮೆಟ್ಟಿಲು, ಓಟ, ಹನ್ನೆರಡಕ್ಕೆ ಎಂಟು ನಿಮಿಷ, ಇಲ್ಲಿ ಸಹಿ, ಇಲ್ಲೊಂದು, ಡಾಕ್ಟರು ಕನ್ನಡಕ ಒರೆಸುತ್ತ ಏನಮ್ಮ ನೀರಿಗೆ ಬಿದ್ದು ಬಂದ್ರಾ ಎಂದರು, ಗಂಡ ನಗುತ್ತಲೋ ಅಳುತ್ತಲೋ ಇದ್ದಾನೆ, ನರ್ಸು ಬಟ್ಟೆಯ ಸಣ್ಣ ಸುರುಳಿಯೊಂದನ್ನು ತಂದು ತೋಳಿಗಿಡುತ್ತಾಳೆ, ಇಷ್ಟೇನಾ, ಇಷ್ಟು ಭಾರಾನಾ, ಉಸಿರಾಡುತ್ತಿದೆ, ಬಾಗಿಲು ದಾಟುವಾಗ ಅವಳ ಕೈ ತಾನಾಗಿ ಆ ನೆತ್ತಿಯ ಮೇಲೆ ಹೋಗಿ ಕೂತಿತು, ಚೌಕಟ್ಟು ಎಷ್ಟೋ ಎತ್ತರದಲ್ಲಿದೆ, ಆದರೂ ಕೈ ಅಲ್ಲೇ, ಅಂಗೈ ಕೆಳಗೆ ಬೆಚ್ಚಗೆ ಮಿಡಿಯುತ್ತಿದೆ, ಹೆಸರು ಕೇಳಲಿಲ್ಲವಲ್ಲ, ಒದ್ದೆ ಮುಂಗೈ, ಉದ್ದಕ್ಕೆ ಒಂದು ಕೆಂಪು ಗೀರು, ಕೆಂಪು ಗೀರು—